ಅಪ್ಪನ ತೋಳು, ನನ್ನ ಅರ್ಜಿ

ನಮ್ಮ ಅಪ್ಪ ಮಾನ್ವಿಯಲ್ಲಿ ಪ್ರಾಣದೇವರ ಗುಡಿಯ ಪೂಜೆ ಮಾಡುತ್ತಿದ್ದರು. ಮೂರ್ತಿ ಆಳೆತ್ತರಕ್ಕಿಂತ ಒಂದು ಗೇಣು ಹೆಚ್ಚು. ಅಭಿಷೇಕ ಮಾಡುವವರು ತುಂಬಿದ ತಂಬಿಗೆಯನ್ನು ತಮ್ಮ ತಲೆಗಿಂತ ಮೇಲೆ ಎತ್ತಿ ಹಿಡಿಯಲೇಬೇಕು. ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ, ಚೈತ್ರದ ಒಂದು ಮುಂಜಾನೆ, ಅಪ್ಪನ ಬಲಗೈ ಎದೆಯ ಮಟ್ಟಕ್ಕೆ ಬಂದು ನಿಂತುಬಿಟ್ಟಿತು. ಎಷ್ಟು ಮಾಡಿದರೂ ಮೇಲೆ ಏಳಲಿಲ್ಲ. ಮೂರ್ತಿಯ ಹೊಟ್ಟೆಗೆ ನೀರು ಸುರಿದು ಮನೆಗೆ ಬಂದರು.

ನೋವು ಅದಕ್ಕೂ ಮೊದಲಿನಿಂದಲೇ ಇತ್ತಂತೆ. ಅವರು ಯಾರಿಗೂ ಹೇಳಿರಲಿಲ್ಲ. ಅವ್ವ ದಿನಾ ಔಡಲೆಣ್ಣೆ ಕಾಸಿ ಹೆಗಲಿಗೆ ತಿಕ್ಕಿದಳು. ಉಪ್ಪಿನ ಗಂಟು ಕಾಸಿ ಶಾಖ ಕೊಟ್ಟಳು, ಎಕ್ಕದ ಎಲೆ ಬೆಚ್ಚಗೆ ಮಾಡಿ ಕಟ್ಟಿದಳು. ನೋವು ಸ್ವಲ್ಪ ತಗ್ಗಿತು, ತೋಳು ಮಾತ್ರ ಇನ್ನಷ್ಟು ಬಿಗಿಯಿತು. ಜ್ಯೇಷ್ಠದ ಹೊತ್ತಿಗೆ ಅಪ್ಪನಿಗೆ ಕಚ್ಚೆ ಹಾಕಿಕೊಳ್ಳಲು ಬರದಾಯಿತು. ಅವ್ವ ಬಾಗಿಲು ಮುಂದೆ ಮಾಡಿ ಅವರಿಗೆ ಧೋತರ ಉಡಿಸುತ್ತಿದ್ದಳು.

ಆಗ ನನಗೆ ಇಪ್ಪತ್ತಮೂರು. ಉರ್ದು ಕಲಿತಿದ್ದೆ, ಅಕ್ಷರ ಚೆನ್ನಾಗಿದ್ದವು. ಅದರಿಂದಲೇ ನಿಜಾಮರ ಸರ್ಕಾರದ ತಹಸೀಲ ಕಚೇರಿಯಲ್ಲಿ ಗುಮಾಸ್ತನ ಕೆಲಸ ಸಿಕ್ಕಿತ್ತು. ಶುಕ್ರವಾರ ಕಚೇರಿಗೆ ರಜೆ. ಅಂಥದೊಂದು ಶುಕ್ರವಾರ ಅಪ್ಪನನ್ನು ಇದ್ದಿಲಿನಿಂದ ಓಡುವ ಬಸ್ಸಿನಲ್ಲಿ ಕೂಡಿಸಿಕೊಂಡು ರಾಯಚೂರಿನ ಡಾಕ್ಟರ ಹತ್ತಿರ ಹೋದೆ. ಕಲ್ಲೂರಿನವರೆಗೂ ಬಸ್ಸು ಕುಲುಕಿದಾಗಲೆಲ್ಲ ಅಪ್ಪ ಎಡಗೈಯಿಂದ ಬಲ ಮೊಳಕೈಯನ್ನು ಅವುಚಿ ಹಿಡಿಯುತ್ತಿದ್ದರು.

ಡಾಕ್ಟರು ವಯಸ್ಸಾದವರು, ಮಾತು ಕಡಿಮೆ. ಅಪ್ಪನ ತೋಳನ್ನು ಎರಡು ಸಲ ಎತ್ತಿ ಇಳಿಸಿ ನೋಡಿದರು.

“ಇದಕ್ಕ ಔಷಧ ಇಲ್ಲ, ಕೊಯ್ಯೂದೂ ಇಲ್ಲ,” ಅಂದರು. “ಕೀಲಿನ ಸುತ್ತ ಒಂದು ಚೀಲ ಇರ್ತದ. ಅದು ಬಿಗದು ಅಂಟಿಕೊಂಡದ. ಕೈಲೇ ಮೆಲ್ಲಗ ಬಿಡಸಬೇಕು. ಹತ್ತಿ ಗಿರಣಿ ಹಿಂದ ಒಬ್ಬ ಇದ್ದಾನ. ಮಿಲ್ಟ್ರಿ ದವಾಖಾನ್ಯಾಗ ಮಾಲೀಸಿನ ಕೆಲಸ ಕಲತು ಬಂದವ. ಅವನಷ್ಟು ನನಗೂ ಬರೂದಿಲ್ಲ.”

ಆಮೇಲೆ ಅಪ್ಪನ ಹಣೆಯ ಅಂಗಾರ ಅಕ್ಷತೆ ನೋಡಿ, ತುಸು ತಡೆದು, ಆ ಮನುಷ್ಯನ ಜಾತಿಯನ್ನೂ ಹೇಳಿದರು. ಅವನು ದೇವದುರ್ಗದ ಕಡೆಯ ಹೊಲಗೇರಿಯವನು.

ಅಪ್ಪ ಎದ್ದು ಬಂದರು. ಹೊರಗೆ ಬೇವಿನ ಗಿಡದ ಕೆಳಗೆ ಬಹಳ ಹೊತ್ತು ನಿಂತರು. ಕೊನೆಗೆ “ನೋಡಿಯಾದರೂ ಬರೋಣ ನಡಿ” ಅಂದರು.

ಗಿರಣಿಯ ಹಿಂದಿನ ಓಣಿಯಲ್ಲಿ ತಗಡಿನ ಚಪ್ಪರ. ಗಾಳಿಯಲ್ಲೆಲ್ಲ ಹತ್ತಿಯ ಧೂಳು. ಚಾಪೆಯ ಮೇಲೆ ಒಬ್ಬ ಹಮಾಲ ಬೋರಲು ಮಲಗಿದ್ದ. ಅವನ ಪಕ್ಕ ಮೊಣಕಾಲೂರಿ ಕೂತ ಮನುಷ್ಯ ಎರಡೂ ಅಂಗೈಗಳನ್ನು ಅವನ ಸೊಂಟದ ಮೇಲಿಟ್ಟು, ಒತ್ತಿ ಹಿಡಿದು, ಏನನ್ನೋ ಕಾಯುವವರ ಹಾಗೆ ಸುಮ್ಮನಿದ್ದರು. ಮೂವತ್ತೈದರ ಆಸುಪಾಸಿನ ವಯಸ್ಸು, ಖಾಕಿ ಚಡ್ಡಿ, ಕತ್ತರಿಸಿದ ಕೂದಲು. ಓಣಿಯವರು ಅವರನ್ನು ಮಿಲ್ಟ್ರಿಯವ ಎಂದು ಕರೆಯುತ್ತಿದ್ದರು. ನಾನೂ ಆಗ ಹಾಗೆಯೇ ಕರೆದೆ, ಏಕವಚನದಲ್ಲಿಯೇ ಮಾತಾಡಿಸಿದೆ. ಈಗ ಬರೆಯುವಾಗ ಬಹುವಚನ ಬರುತ್ತಿದೆ. ಅದು ಆಗ ಬರಲಿಲ್ಲವೆಂಬುದೂ ಗೊತ್ತಿರಲಿ.

ಅವರು ನಮ್ಮನ್ನು ಕಂಡು ತಾವೇ ಎರಡು ಹೆಜ್ಜೆ ಹಿಂದೆ ಸರಿದರು.

“ಅಲ್ಲೇ ನಿಂದರ್ರಿ ಆಚಾರ್ರ,” ಅಂದರು. “ಬಲಗೈ ಮುಂದ ಎತ್ರಿ. ಈಗ ಬಾಜೂಕ. ಈಗ ಬೆನ್ನ ಹಿಂದಕ ಒಯ್ರಿ.”

ಅಪ್ಪ ಆದಷ್ಟು ಮಾಡಿದರು. ಮಿಲ್ಟ್ರಿಯವರು ಬಗ್ಗಿ, ಪಕ್ಕಕ್ಕೆ ಹೋಗಿ, ದೂರದಿಂದಲೇ ನೋಡಿದರು.

“ಕೀಲು ಏಳವಲ್ದು. ಬೆನ್ನಿನ ರೆಕ್ಕಿ ಎಲಬು ಅದರ ಬದಲಿ ದುಡ್ಯಾಕತ್ತದ. ಅದಕ್ಕ ಕುತ್ತಿಗಿನೂ ಹಿಡದಿರಬೇಕು, ಹೌದಿಲ್ಲರಿ?”

ಅಪ್ಪ ತಲೆಯಾಡಿಸಿದರು. ಕುತ್ತಿಗೆ ಹಿಡಿದಿರುವುದು ನಮಗೂ ಗೊತ್ತಿರಲಿಲ್ಲ.

“ಎಲ್ಲಿ ಹಿಡದದ ಅಂತ ಮುಟ್ಟದೇ ಹೇಳೀನ್ರಿ. ಬಿಡಸಾಕ ಮಾತ್ರ ಮುಟ್ಟಬೇಕಾಗ್ತದ.”

ಅಪ್ಪ ತಿರುಗಿ ಬಸ್ಸಿನ ಕಡೆ ನಡೆದರು.

ಒಂದು ತಿಂಗಳು ಹೀಗೇ ಕಳೆಯಿತು. ನಮ್ಮ ಗುಡಿಯ ಪೂಜೆಗೆ ಎರಡು ಮನೆತನಗಳ ಪಾಳಿ ಇತ್ತು. ಕಾರ್ತಿಕದಿಂದ ನಾಲ್ಕು ತಿಂಗಳು ನಮ್ಮದು, ಉಳಿದ ತಿಂಗಳು ಅಪ್ಪನ ದೊಡ್ಡಪ್ಪನ ಮಗನದು. ಅವರನ್ನು ನಾನು ಕಾಕಾ ಎನ್ನುತ್ತಿದ್ದೆ. ಚೈತ್ರದಲ್ಲಿ ಅವರಿಗೆ ಜ್ವರ ಬಂದು, ಅವರ ಬದಲಿಗೆ ಅಪ್ಪ ಹೋದಾಗಲೇ ತೋಳು ನಿಂತದ್ದು. ಹಾಗಾಗಿ ಸುದ್ದಿ ಅವರಿಗೆ ಮೊದಲೇ ಗೊತ್ತಿತ್ತು. ಆಷಾಢದಲ್ಲಿ ಮನೆಗೆ ಬಂದು, ಕಾರ್ತಿಕದಲ್ಲಿ ತಲೆಯ ಮೇಲಿಂದ ಬಲಗೈಯಲ್ಲಿ ಅಭಿಷೇಕ ಮಾಡಲು ಆಗದಿದ್ದರೆ ಪಾಳಿಯನ್ನು ತಮ್ಮ ಮಕ್ಕಳಿಗೆ ಬಿಟ್ಟುಕೊಡಬೇಕು ಎಂದು ಹೇಳಿ ಹೋದರು. ನಾನು ಮಂತ್ರ ಬಿಟ್ಟು ಕಚೇರಿ ಸೇರಿದವನಾದ್ದರಿಂದ ನನಗೆ ಪಾಳಿ ಬರುವ ಮಾತೇ ಇರಲಿಲ್ಲ.

ಅವರು ಹೋದ ಮೇಲೆ ಅಪ್ಪ ನನ್ನನ್ನು ಕರೆದರು.

“ಅವ ಮುಟ್ಟೂದು ಬ್ಯಾಡ. ಅವನ ಕಡೆ ಹೋಗಿ ನೀ ಕಲಿ. ನೀ ಬಂದು ನನಗ ಮಾಡು.”

ಹಾಗೆ ನಾನು ಶುಕ್ರವಾರಕ್ಕೊಮ್ಮೆ ರಾಯಚೂರಿನ ಆ ಚಪ್ಪರಕ್ಕೆ ಹೋಗಲು ಶುರು ಮಾಡಿದೆ. ಮೊದಲ ದಿನ ಅವರು ಮಾಡುವುದನ್ನು ನಾಲ್ಕು ಮಾರು ದೂರ ನಿಂತು ನೋಡಿದೆ. ಎಲ್ಲ ತಿಳಿಯಿತು ಅನ್ನಿಸಿತು. “ಇಷ್ಟೇನಾ?” ಅಂದೆ.

ಅವರು ನಕ್ಕರು. “ಗುಮಾಸ್ತರ, ಓದಾಕ ಬರದವ ನಿಮ್ಮ ಉರ್ದು ಕಾಗದ ನೋಡಿದರ ಇಷ್ಟೇನಾ ಅಂತಾನ. ಇದು ಕಣ್ಣಿಗೆ ತಿಳಿಯೂದಲ್ಲ. ನಿಮ್ಮ ಕೈ ಹಮಾಲನ ಹೆಗಲ ಮ್ಯಾಲೆ ಇರಬೇಕು, ನನ್ನ ಕೈ ನಿಮ್ಮ ಕೈ ಮ್ಯಾಲೆ ಇರಬೇಕು. ಒಪ್ಪಿಗಿದ್ದರ ಬರ್ರಿ, ಇಲ್ಲಂದ್ರ ಊರಿಗೆ ಹೋಗ್ರಿ.”

ಓಣಿಯಲ್ಲಿ ಪರಿಚಯದವರು ಯಾರೂ ಇರಲಿಲ್ಲ. ನಾನು ಅಂಗಿಯ ತೋಳು ಮಡಿಸಿ ಮುಂದೆ ಹೋದೆ. ಅವರ ಅಂಗೈ ನನ್ನ ಕೈಯ ಮೇಲೆ ಬಂತು. ಇಪ್ಪತ್ತಮೂರು ವರ್ಷಗಳಲ್ಲಿ ಅಂಥ ಕೈ ನನ್ನನ್ನು ಮುಟ್ಟಿರಲಿಲ್ಲ. ಎಣ್ಣೆಯಿಲ್ಲದ ಒಣಗಿದ ಅಂಗೈ, ಬೆಚ್ಚಗಿತ್ತು, ಭಾರ ಹಾಕುತ್ತಿರಲಿಲ್ಲ. ನನ್ನ ಬೆರಳುಗಳನ್ನು ಒಂದೊಂದಾಗಿ ಸರಿಸಿ ಹಮಾಲನ ಕಂಕುಳ ಹತ್ತಿರ ಕೂಡಿಸಿದರು. ನನ್ನ ಇನ್ನೊಂದು ಕೈಯಿಂದ ರೆಕ್ಕೆ ಎಲುಬು ಮೇಲೇಳದಂತೆ ಒತ್ತಿ ಹಿಡಿಸಿದರು.

“ಈಗ ಮೆಲ್ಲಗ ಎತ್ರಿ. ಎಲ್ಲಿ ತಡಿತದ ಅಲ್ಲಿ ನಿಂದರ್ರಿ. ಹ್ಯಾಂಗ ತಡಿತದ ಹೇಳ್ರಿ.”

“ಎಳದಂಗ ಆಗ್ತದ.”

“ಹಸಿ ತೊಗಲಿನ ಮಿಣಿ ಹಗ್ಗ ಎಳದಂಗ. ಹೌದಾ? ಅದನ್ನ ಹಂಗೇ ಹಿಡದು ಅವನ ಉಸರು ನೋಡಬೇಕು. ಅವ ಉಸರು ಹಿಡದ್ರ ನೀವು ಕೈ ಸಡಲ ಬಿಡಬೇಕು. ಅವ ಉಸರು ಬಿಟ್ರ ಒಂದು ಎಳ್ಳಿನಷ್ಟು ಮುಂದ ಹೋಗಬೇಕು. ಗ್ವಾಡಿಗೆ ಬಡದಂಗ ತಡದ್ರ ಅದು ಎಲಬು. ಅಲ್ಲಿ ನಿಮ್ಮದೇನೂ ಕೆಲಸಿಲ್ಲ.”

ಆರು ಶುಕ್ರವಾರ ಹೋದೆ. ಪ್ರತಿ ಸಲ ಮಾನ್ವಿಗೆ ಬಂದು ಬಾವಿಯ ಕಟ್ಟೆಯ ಮೇಲೆ ಸ್ನಾನ ಮಾಡಿ ಒಳಗೆ ಹೋಗುತ್ತಿದ್ದೆ. ದಿನಾ ಬೆಳಿಗ್ಗೆ ಕಚೇರಿಗೆ ಹೋಗುವ ಮುನ್ನ ಅಪ್ಪನನ್ನು ಪಡಸಾಲೆಯಲ್ಲಿ ಅಂಗಾತ ಮಲಗಿಸಿ, ಅವ್ವ ಶಾಖ ಕೊಟ್ಟ ಮೇಲೆ, ಕಲಿತದ್ದನ್ನು ಮಾಡುತ್ತಿದ್ದೆ. ಮೊದಲ ವಾರ ಅಪ್ಪ ನೋವಿಗೆ ಹಲ್ಲು ಕಚ್ಚುತ್ತಿದ್ದರು. ಮೂರನೆಯ ವಾರ ಬಲಗೈ ಬಾಯಿಗೆ ಬಂತು. ಒಂದು ದಿನ ನಾನು ಕಚೇರಿಯಿಂದ ಬಂದಾಗ ಅವ್ವ ಬಾಗಿಲಲ್ಲೇ ನಿಂತಿದ್ದಳು. “ಇವತ್ತ ತಾವೇ ಮುದ್ರಿ ಹಚ್ಚಿಕೊಂಡರು,” ಅಂದಳು. ಗೋಪಿಚಂದನದ ಮುದ್ರೆಯನ್ನು ಅಪ್ಪ ಅಷ್ಟು ದಿನ ಅವಳ ಕೈಯಿಂದ ಹಚ್ಚಿಸಿಕೊಂಡಿದ್ದರು.

ಆದರೆ ಭಾದ್ರಪದದಲ್ಲಿ ತೋಳು ಹುಬ್ಬಿನ ಮಟ್ಟಕ್ಕೆ ಬಂದು ಮತ್ತೆ ನಿಂತಿತು. ನನ್ನ ಕೈಗೆ ಮುಂದಿನದು ತಿಳಿಯಲಿಲ್ಲ. ಮಿಲ್ಟ್ರಿಯವರನ್ನು ಕರೆಸಬೇಕೆಂದೆ. ಅಪ್ಪ ಎರಡು ದಿನ ಯೋಚಿಸಿ, ಊರೊಳಗೆ ಬೇಡ, ಚೀಕಲಪರ್ವಿಯಲ್ಲಿ ಹೊಳೆಯ ದಂಡೆಗೆ ಬರಲಿ ಅಂದರು.

ಬಂಡಿ ಕಟ್ಟಿಸಿಕೊಂಡು ಹೋದೆವು. ತುಂಗಭದ್ರೆ ಕೆಂಪಗೆ ತುಂಬಿ ಹರಿಯುತ್ತಿತ್ತು. ಅವರು ನಮಗಿಂತ ಮೊದಲೇ ಬಂದು ಬಂಡೆಯ ಹತ್ತಿರ ಕೂತಿದ್ದರು. ಅಪ್ಪ ಬಂಡೆಗೆ ಆತುಕೊಂಡು ಕಣ್ಣು ಮುಚ್ಚಿದರು. ನಾನು ಅವರ ಹೆಗಲ ಮೇಲೆ ಕೈ ಇಟ್ಟೆ. ಮಿಲ್ಟ್ರಿಯವರು ನನ್ನ ಕೈಯ ಮೇಲೆ ಕೈ ಇಟ್ಟರು. ಸ್ವಲ್ಪ ಹೊತ್ತಿಗೆ ನನ್ನ ಕೈ ತನ್ನ ಪಾಡಿಗೆ ತಾನು ಕೆಲಸ ಮಾಡಿದಂತಾಯಿತು. ಅವರ ಬೆರಳ ತುದಿಗಳು ನನ್ನ ಬೆರಳ ಸಂದಿನಿಂದ ಇಳಿದು ಅಪ್ಪನ ಚರ್ಮಕ್ಕೆ ತಾಗುತ್ತಿದ್ದವು. ಅದು ನಮ್ಮ ಮೂವರಿಗೂ ಗೊತ್ತಿತ್ತು. ದಂಡೆಯ ಮೇಲೆ ಬಟ್ಟೆ ಒಗೆಯುತ್ತಿದ್ದ ಇಬ್ಬರು ಹೆಂಗಸರು ನಿಂತು ನೋಡಿದರು.

ಮುಗಿದ ಮೇಲೆ ಅಪ್ಪ ಕಣ್ಣು ತೆರೆದರು. ಮೊದಲ ಸಲ ನೇರವಾಗಿ ಅವರನ್ನು ಮಾತಾಡಿಸಿದರು.

“ಯುದ್ಧದಾಗ ಭಾಳ ಮಂದೀ ಕೈ ಹಿಡದೀ ಏನು?”

“ಕೈ ಉಳದವರದು ಹಿಡದೀನ್ರಿ ಆಚಾರ್ರ.”

ಅಪ್ಪ ಹೊಳೆಗೆ ಇಳಿದು ಮುಳುಗು ಹಾಕಿದರು. ಅವರು ಸ್ನಾನ ಮುಗಿಸಿ ಬರುವವರೆಗೂ ಮಿಲ್ಟ್ರಿಯವರು ಹೊಳೆಗೆ ಬೆನ್ನು ಮಾಡಿ ಕೂತಿದ್ದರು. ಹೊರಡುವಾಗ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು.

“ಇನ್ನ ಮೂರು ತಿಂಗಳು ಹಿಡಿತದ. ಕಿವಿ ತನಕ ಬರ್ತದ, ನಂಬಿಗಿ ಇಡ್ರಿ. ಅವಸರ ಮಾಡಬ್ಯಾಡ್ರಿ. ಮುಂಗೈ ಹಿಡದು ತಿರುವಾಕ ಮಾತ್ರ ಹೋಗಬ್ಯಾಡ್ರಿ. ಯಪ್ಪಂದು ವಯಸ್ಸಾದ ಎಲಬು.”

ಮೂರು ತಿಂಗಳಿಗೆ ಮಾರ್ಗಶಿರ ಬರುತ್ತಿತ್ತು. ನಮ್ಮ ಪಾಳಿ ಕಾರ್ತಿಕಕ್ಕೇ ಶುರು.

ಆಶ್ವಯುಜದ ಕೊನೆಯಲ್ಲಿ, ಪಾಳಿಗೆ ಎಂಟು ದಿನ ಉಳಿದಿದ್ದಾಗ, ಅಪ್ಪ ಬೆಳಿಗ್ಗೆ ಚಾಪೆಯ ಮೇಲೆ ಮಲಗಿ “ಇವತ್ತ ಜೋರ ಹಾಕು,” ಅಂದರು.

“ಬ್ಯಾಡ ಅಂದಾನ ಅವ.”

“ಅವಗೇನು ಗೊತ್ತು ಕಾರ್ತಿಕ ಯಾವಾಗ ಬರ್ತದಂತ? ನಾ ತಡಕೋತೀನಿ. ನೀ ಹಾಕು.”

ನಾನು ಹಾಕಿದೆ. ಎತ್ತುವುದರಲ್ಲಿ ಏನೂ ಸಿಗಲಿಲ್ಲ. ಮೊಳಕೈ ಮಡಿಸಿ, ಮುಂಗೈಯನ್ನು ಹಿಡಿಕೆಯಂತೆ ಹಿಡಿದು, ಹೊರಕ್ಕೆ ತಿರುವಿದೆ. ಅಪ್ಪ ಉಸಿರು ಹಿಡಿದರು. ನಾನು ಕೈ ಸಡಿಲಿಸಲಿಲ್ಲ. ಇನ್ನೊಂದಿಷ್ಟು ತಿರುವಿದೆ. ರಟ್ಟೆಯ ಒಳಗೆ ಲಟ್ಟೆಂದಿತು. ಸಪ್ಪಳ ಅಡಿಗೆಮನೆಯಲ್ಲಿದ್ದ ಅವ್ವನಿಗೂ ಕೇಳಿಸಿತು.

ಅಪ್ಪ ಚೀರಲಿಲ್ಲ. ಮುಖದ ಮೇಲೆ ಬೆವರು ಒಡೆದಿತ್ತು. ನನ್ನ ಕಡೆ ನೋಡಿ, “ಬಿಟ್ಟಿತೇನು? ಬಿಟ್ಟಂಗ ಆತು,” ಅಂದರು.

ತೋಳು ನನ್ನ ಕೈಯಲ್ಲಿ ಎಲುಬೇ ಇಲ್ಲದಂತೆ ಜೋಲಾಡುತ್ತಿತ್ತು. ನಾನು ಅದನ್ನು ಅವರ ಎದೆಯ ಮೇಲೆ ಇಟ್ಟೆ. ಆಗ ಅವರಿಗೂ ತಿಳಿಯಿತು.

ಒಂದು ತಾಸಿನೊಳಗೆ ಮನೆ ತುಂಬ ಜನ. ಬಿದಿರಿನ ದಬ್ಬೆ ಕಟ್ಟುವವನನ್ನು ಯಾರೋ ಕರೆತಂದರು. ಕಾಕಾ ಬಂದು ಅಪ್ಪನ ತಲೆಯ ಬಳಿ ಕೂತರು. ಚೀಕಲಪರ್ವಿಯ ಸುದ್ದಿ ಅವರಿಗೆ ಮುಟ್ಟಿ ಬಹಳ ದಿನ ಆಗಿತ್ತು. “ಯಾರು ಮಾಡಿದ್ದು ಇದು?” ಅಂದರು.

ಅಪ್ಪ ನನ್ನ ಮುಖ ನೋಡಲಿಲ್ಲ. ತೊಲೆ ನೋಡುತ್ತ “ಅವ ರಾಯಚೂರಿನ ಮಾಲೀಸಿನವ,” ಅಂದರು.

“ಯಾವಾಗ?”

“ಹೊಳಿ ದಂಡ್ಯಾಗ. ಆವತ್ತೇ ಎಲಬು ಸೀಳಿರಬೇಕು. ಇವತ್ತ ಮುರೀತು.”

ಅವ್ವ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಅವಳಿಗೆ ಎಲ್ಲ ಗೊತ್ತು. ನನಗೆ ಗೊತ್ತು. ನಾವಿಬ್ಬರೂ ಬಾಯಿ ತೆರೆಯಲಿಲ್ಲ.

ಕಾಕಾ ಅರ್ಜಿ ಕೊಡಲೇಬೇಕೆಂದರು. ಸರ್ಕಾರದ ಪರವಾನಗಿ ಸನದು ಇಲ್ಲದೆ ವೈದ್ಯಕಿ ಮಾಡುವವನು, ಆಚಾರ್ಯರನ್ನು ಮೋಸದಿಂದ ಮುಟ್ಟಿ ಕೈ ಮುರಿದವನು. ಉರ್ದುವಿನಲ್ಲಿ ಬರೆಯಬೇಕು. ಅಲ್ಲಿದ್ದವರಲ್ಲಿ ಉರ್ದು ಚೆನ್ನಾಗಿ ಬರೆಯುವವನು ನಾನೊಬ್ಬನೇ. ಅವರು ಕನ್ನಡದಲ್ಲಿ ಹೇಳುತ್ತ ಹೋದರು, ನಾನು ಪಡಸಾಲೆಯ ಕಂಬಕ್ಕೆ ಒರಗಿ ಕೂತು ಬರೆಯುತ್ತ ಹೋದೆ. ಅಕ್ಷರ ಯಾವತ್ತಿನಂತೆ ಚೊಕ್ಕವಾಗಿ ಬಂದವು. ಅಪ್ಪ ಎಡಗೈಯಿಂದ ಹೆಬ್ಬೆಟ್ಟು ಒತ್ತಿದರು.

ಪೊಲೀಸ್ ಅಮೀನರು ಜವಾನರನ್ನು ಕಳಿಸಿ ಮಿಲ್ಟ್ರಿಯವರನ್ನು ಹಿಡಿಸಿ ತಂದರು. ನಾನು ಕಚೇರಿಯ ಕಿಟಕಿಯಿಂದ ನೋಡಿದೆ. ಖಾಕಿ ಚಡ್ಡಿಯ ಮೇಲೆ ಅಂಗಿಯಿರಲಿಲ್ಲ. ಎರಡೂ ಕೈ ಹಗ್ಗದಿಂದ ಕಟ್ಟಿದ್ದರು. ಅವರು ಕಿಟಕಿಯ ಕಡೆ ತಿರುಗಲಿಲ್ಲ. ಎರಡು ತಿಂಗಳು ಒಳಗಿಟ್ಟು, ಇನ್ನು ರಾಯಚೂರಿನಲ್ಲಿ ಈ ಕೆಲಸ ಮಾಡುವುದಿಲ್ಲವೆಂದು ಬರೆಸಿಕೊಂಡು ಬಿಟ್ಟರಂತೆ. ಚಪ್ಪರದ ತಗಡನ್ನು ಗಿರಣಿಯವರು ಅದಕ್ಕೂ ಮೊದಲೇ ಕಿತ್ತುಹಾಕಿದ್ದರು.

ಅಪ್ಪನ ಎಲುಬು ಕೂಡಿತು. ಆದರೆ ಸೊಟ್ಟ ಕೂಡಿತು. ಹೆಗಲಿನ ಕೀಲು ಪೂರ್ತಿ ಕಲ್ಲಾಯಿತು, ತೋಳು ಪಕ್ಕೆಗೆ ಅಂಟಿಕೊಂಡೇ ಉಳಿಯಿತು. ಪಾಳಿ ಕಾಕಾನ ಮಕ್ಕಳಿಗೆ ಹೋಯಿತು. ಅಪ್ಪ ಆಮೇಲೆ ಎರಡು ವರ್ಷ ಬದುಕಿದರು. ಊಟಕ್ಕೆ ಅವ್ವ ಕೈತುತ್ತು ಹಾಕುತ್ತಿದ್ದಳು. ಎಡಗೈಯಲ್ಲಿ ಉಣ್ಣಲು ಅವರು ಒಪ್ಪಲಿಲ್ಲ. ಗುಡಿಗೆ ಹೋಗುವುದನ್ನು ಬಿಟ್ಟರು. ಗಂಟೆಯ ಸಪ್ಪಳ ಕೇಳಿದರೆ ಹಿತ್ತಲಿಗೆ ಹೋಗಿಬಿಡುತ್ತಿದ್ದರು.

ಸಾಯುವ ವರ್ಷ, ಬೇಸಿಗೆಯಲ್ಲಿ, ನಾನು ಅವರ ಬೆನ್ನಿಗೆ ಎಣ್ಣೆ ಹಚ್ಚುತ್ತಿದ್ದೆ. ಒಮ್ಮೆಲೇ ಕೇಳಿದರು.

“ಅವ ಎಲ್ಲಿದ್ದಾನ ಈಗ?”

ಯಾರೆಂದು ನಾನು ಕೇಳಲಿಲ್ಲ. “ಗೊತ್ತಿಲ್ಲ. ದೇವದುರ್ಗಕ್ಕ ಹೋಗ್ಯಾನಂತ,” ಅಂದೆ.

“ನೀ ನಿಜ ಹೇಳಬಹುದಿತ್ತು.”

“ಮೊದಲ ನೀವೇ ಅಂದ್ರಿ.”

“ನಾ ನಿನ್ನ ಸಲುವಾಗಿ ಅಂದೆ. ನೀ ಯಾರ ಸಲುವಾಗಿ ಬರದಿ?”

ನಾನು ಎಣ್ಣೆ ಹಚ್ಚುತ್ತಲೇ ಇದ್ದೆ. ಅವರು ಮತ್ತೆ ಆ ಮಾತು ಎತ್ತಲಿಲ್ಲ.

ಅಪ್ಪ ತೀರಿಕೊಂಡ ಮೇಲೆ ನಾನು ದೇವದುರ್ಗಕ್ಕೆ ಹೋದೆ. ಆ ಹೊತ್ತಿಗೆ ನಿಜಾಮರ ಸರ್ಕಾರ ಹೋಗಿ ಬೇರೆ ಸರ್ಕಾರ ಬಂದಿತ್ತು. ಕೇರಿಯ ಹೆಂಗಸೊಬ್ಬಳು ಊರ ಹೊರಗಿನ ಕಲ್ಲಿನ ಖಣಿಯ ಕಡೆ ಕೈ ತೋರಿಸಿದಳು. ಅವರು ಜಲ್ಲಿ ಒಡೆಯುತ್ತಿದ್ದರು. ಕೂದಲು ನೆರೆತಿತ್ತು. ಅಂಗೈಗಳಲ್ಲಿ ಗುಳ್ಳೆ ಒಡೆದು ಜಡ್ಡುಗಟ್ಟಿತ್ತು. ನನ್ನನ್ನು ಗುರುತಿಸಿ ಸುತ್ತಿಗೆ ಕೆಳಗಿಟ್ಟರು, ಏಳಲಿಲ್ಲ.

ನಾನು ಎಲ್ಲವನ್ನೂ ಹೇಳಿದೆ. ಮುರಿದವನು ನಾನು, ಬರೆದವನೂ ನಾನು ಎಂದೆ. ಅವರು ಕೇಳಿಸಿಕೊಂಡರು. ಸಿಟ್ಟು ಬಂದದ್ದು ಕಾಣಲಿಲ್ಲ.

“ಹ್ಯಾಂಗ ಹಿಡದಿದ್ರಿ?” ಅಂದರು.

ನನಗೆ ಅರ್ಥವಾಗಲಿಲ್ಲ.

“ಯಪ್ಪನ ಕೈ. ಹ್ಯಾಂಗ ಹಿಡದಿದ್ರಿ ಅಂತ ಕೇಳಾಕತ್ತೀನಿ. ತೋರಸ್ರಿ.” ತಮ್ಮ ಬಲಗೈಯನ್ನು ನನ್ನ ಮುಂದೆ ಚಾಚಿದರು.

ನಾನು ಕೂತು, ಅವರ ಮೊಳಕೈ ಮಡಿಸಿ, ಮುಂಗೈ ಹಿಡಿದು ತೋರಿಸಿದೆ. ಅವರು ನೋಡಿ ತಲೆಯಾಡಿಸಿದರು.

“ಹಿಂಗ ಹಿಡದ್ರ ಯಾರದಾದರೂ ಮುರೀತದ. ನಾ ಹೇಳಿದ್ದೆನಲ್ಲರಿ ನಿಮಗ.”

“ಹೇಳಿದ್ರಿ,” ಅಂದೆ. ನಾನು ಅವರಿಗೆ ಬಹುವಚನ ಬಳಸಿದ್ದು ಅದೇ ಮೊದಲು. ಅವರು ಅದನ್ನು ಗಮನಿಸಿದಂತೆ ಕಾಣಲಿಲ್ಲ.

“ಇಲ್ಲಿ ಮಂದಿ ಬರ್ತಾರ, ಸೊಂಟ ಹಿಡದದ, ಮೊಣಕಾಲು ಹಿಡದದ ಅಂತ,” ಅಂದರು. “ನಾ ಯಾರನ್ನೂ ಮುಟ್ಟಂಗಿಲ್ಲ. ನಮ್ಮವ್ವಗ ಕೈ ಹಿಡದು ಬಿಗದಿತ್ತು, ಹಂಗೇ ಸತ್ತಳು. ಆಕೀಗೂ ಮುಟ್ಟಲಿಲ್ಲ. ಅಂಜಿಕಿ ಬಂತು.” ಆಮೇಲೆ ಕೇಳಿದರು. “ಆ ಕಾಗದ ಸುಳ್ಳಂತ ಕಚೇರ್ಯಾಗ ಬರಕೊಟ್ಟೀರೇನು?”

“ಇಲ್ಲ. ಬರಕೊಡ್ತೀನಿ.”

“ಕೊಡ್ರಿ,” ಅಂದು ಸುತ್ತಿಗೆ ಎತ್ತಿಕೊಂಡರು. ನಾನು ಎದ್ದು ಅಲ್ಲೇ ನಿಂತಿದ್ದೆ. “ಹೊತ್ತಾತು, ಗುಮಾಸ್ತರ. ಮೇಸ್ತ್ರಿ ಬೈತಾನ,” ಅಂದರು.

ಮಾನ್ವಿಗೆ ಬಂದು ಮೂರು ದಿನದೊಳಗೆ ಬರೆದೆ. ನಡೆದದ್ದನ್ನೆಲ್ಲ ಬರೆದು, ಹೊಸದಾಗಿ ಬಂದ ತಹಸೀಲದಾರ ಸಾಹೇಬರ ಮುಂದಿಟ್ಟೆ. ಅವರು ಹೊರಗಿನ ಪ್ರಾಂತದವರು, ಕನ್ನಡ ನಿಧಾನವಾಗಿ ಓದುತ್ತಿದ್ದರು. ಓದಿ ಮುಗಿಸಿ ಕಾಗದವನ್ನು ನನ್ನ ಕಡೆ ಸರಿಸಿದರು.

“ಹಿಂದಿನ ಸರ್ಕಾರದ ಕಡತ. ಶಿಕ್ಷೆಯೂ ಆಗಿಲ್ಲ, ಬಿಟ್ಟಿದ್ದಾರೆ. ಇದನ್ನು ದಾಖಲು ಮಾಡಿದರೆ ನಿಮ್ಮ ನೌಕರಿ ಹೋಗುತ್ತದೆ. ಮಾಡಲೇ?”

ಅವರು ಕಾದರು. ಆಮೇಲೆ ಕಾಗದವನ್ನು ನಾನೇ ಎತ್ತಿಕೊಂಡು, ಮಡಿಸಿ, ಜೇಬಿಗೆ ಹಾಕಿಕೊಂಡು ನನ್ನ ಜಾಗಕ್ಕೆ ಬಂದು ಕೂತೆ. ನಿವೃತ್ತಿಯಾಗುವವರೆಗೂ ತಹಸೀಲ ಕಚೇರಿಗಳಲ್ಲೇ ಕೆಲಸ ಮಾಡಿದೆ. ದೇವದುರ್ಗಕ್ಕೆ ಮೂರು ವರ್ಷ ನನ್ನ ವರ್ಗವೂ ಆಗಿತ್ತು. ಖಣಿಯ ಕಡೆ ಹೋಗುವ ರಸ್ತೆಯಲ್ಲಿ ನಾನು ಒಮ್ಮೆಯೂ ನಡೆಯಲಿಲ್ಲ.